ತಾನೇ ಹಾಕಿಕೊಂಡ ಷರತ್ತು

ಪುಣೆಯಲ್ಲಿ ನೆಲೆಸಿದ ನಮಗೆ ಯರವಡಾ ಎಂದರೆ ದಿನವೂ ಬಸ್ಸಿನ ಬೋರ್ಡಿನಲ್ಲಿ ಕಾಣುವ ಹೆಸರು. ಊರಿನಿಂದ ಬಂದ ನೆಂಟರಿಗೆ ಶನಿವಾರವಾಡೆ, ಪರ್ವತಿಗಳನ್ನು ತೋರಿಸುತ್ತೇವೆ. ಸೆರೆಮನೆಯ ಗೋಡೆಯನ್ನು ಯಾರು ತೋರಿಸುತ್ತಾರೆ? ಆದರೆ ಆ ಗೋಡೆಯ ಹಿಂದೆ ನಡೆದ ಒಂದು ಸಂಗತಿಯನ್ನು ನಮ್ಮ ಮಕ್ಕಳಿಗೆ ಹೇಳಲೇಬೇಕು.

ಜಾಮೀನು ಎಂದರೆ ಮೂಲತಃ ಒಂದು ಮಾತು: ಕರೆದಾಗ ಬರುತ್ತೇನೆ, ಹಾಕಿದ ಗೆರೆಯನ್ನು ದಾಟುವುದಿಲ್ಲ. ಹಣ ಆ ಮಾತಿಗೆ ಒತ್ತು, ಅಷ್ಟೆ. 1917ರ ಏಪ್ರಿಲ್ 18ರಂದು ಚಂಪಾರಣದ ಮೋತಿಹಾರಿ ಕೋರ್ಟಿನಲ್ಲಿ 100 ರೂಪಾಯಿ ಜಾಮೀನು ಕೇಳಿದಾಗ ಗಾಂಧೀಜಿಯವರು ಕೊಡಲಿಲ್ಲ. ಮ್ಯಾಜಿಸ್ಟ್ರೇಟರು ಅವರ ಮಾತನ್ನೇ ನಂಬಿ ಬಿಟ್ಟರು. ಆ ಮಾತಿನ ತೂಕ ಎಷ್ಟೆಂಬುದು 16 ವರ್ಷಗಳ ಅನಂತರ ನಮ್ಮ ಪುಣೆಯಲ್ಲಿ ತಿಳಿಯಿತು.

1933ರ ಆಗಸ್ಟ್ 1ರಂದು ಅಹಮದಾಬಾದಿನಲ್ಲಿ ಬಂಧಿತರಾದ ಗಾಂಧೀಜಿಯವರನ್ನು ಯರವಡಾಕ್ಕೆ ತಂದರು. 4ರ ಬೆಳಿಗ್ಗೆ ಬಿಡುಗಡೆಯಾಯಿತು, ಆದರೆ ಷರತ್ತಿನ ಮೇಲೆ: ಯರವಡಾ ಗ್ರಾಮದ ಎಲ್ಲೆ ಬಿಟ್ಟು ಪುಣೆ ನಗರದೊಳಗೇ ವಾಸಿಸಬೇಕು. ಅವರು ಪಾಲಿಸಲಿಲ್ಲ. ಸ್ವಲ್ಪ ಹೊತ್ತಿನಲ್ಲೇ ಮತ್ತೆ ಬಂಧನ. ಅದೇ ದಿನ ವಿಚಾರಣೆ, ಒಂದು ವರ್ಷದ ಶಿಕ್ಷೆ. ಸೆರೆಯಲ್ಲಿದ್ದುಕೊಂಡು ಅಸ್ಪೃಶ್ಯತಾ ನಿವಾರಣೆಯ ಕೆಲಸ ನಡೆಸಲು ಹಿಂದಿನಂತೆ ಅನುಕೂಲ ದೊರೆಯದಿದ್ದಾಗ 16ರಂದು ಉಪವಾಸ ಆರಂಭಿಸಿದರು. ದೇಹಸ್ಥಿತಿ ಕೆಟ್ಟು ಸಸೂನ್ ಆಸ್ಪತ್ರೆಗೆ ಸಾಗಿಸಬೇಕಾಯಿತು. 23ರಂದು ಸರ್ಕಾರ ಯಾವ ಷರತ್ತೂ ಇಲ್ಲದೆ ಬಿಟ್ಟುಬಿಟ್ಟಿತು.

ಈಗ ಅವರನ್ನು ಕಟ್ಟುವ ಕಾಗದ ಒಂದೂ ಇರಲಿಲ್ಲ. ಆದರೂ ಗಾಂಧೀಜಿಯವರು ಲೆಕ್ಕ ಹಾಕಿದರು: ಶಿಕ್ಷೆಯ ಅವಧಿ 1934ರ ಆಗಸ್ಟ್ 3ರವರೆಗೆ. ಅಲ್ಲಿಯವರೆಗೆ ತಾವಾಗಿ ಕಾನೂನುಭಂಗಕ್ಕೆ ಇಳಿಯುವುದಿಲ್ಲವೆಂದು ಸೆಪ್ಟೆಂಬರಿನಲ್ಲಿ ಪ್ರಕಟಿಸಿದರು. ಪರರು ಹೇರಿದ ಷರತ್ತನ್ನು ಬಹಿರಂಗವಾಗಿ ಮುರಿದವರು, ಯಾರೂ ಕೇಳದ ಷರತ್ತನ್ನು ತಾವೇ ಹಾಕಿಕೊಂಡರು!

ಹಾಗೆಂದು ಕೈಕಟ್ಟಿ ಕೂರಲಿಲ್ಲ. 1933ರ ನವೆಂಬರ್ 7ರಂದು ವಾರ್ಧಾದಿಂದ ಅಸ್ಪೃಶ್ಯತೆಯ ವಿರುದ್ಧ ಪ್ರವಾಸ ಹೊರಟರು. ಸುಮಾರು 12,500 ಮೈಲಿ ಸುತ್ತಿ 8 ಲಕ್ಷ ರೂಪಾಯಿಯಷ್ಟು ನಿಧಿ ಕೂಡಿಸಿದರು. ಮೈಸೂರು, ಕೊಡಗು, ಮಂಗಳೂರುಗಳಲ್ಲಿ ನಮ್ಮ ಹಿರಿಯರು ಅವರನ್ನು ಕಂಡದ್ದು ಈ ಪ್ರವಾಸದಲ್ಲಿಯೇ. ಅಂದರೆ ಕರ್ನಾಟಕ ಅಂದು ಬರಮಾಡಿಕೊಂಡದ್ದು, ಮನಸ್ಸಿನಲ್ಲಿ ಇನ್ನೂ ಶಿಕ್ಷೆ ಅನುಭವಿಸುತ್ತಿದ್ದ ಒಬ್ಬ ಕೈದಿಯನ್ನು. 1934ರ ಜೂನ್ 25ರಂದು ಇದೇ ಪುಣೆಯಲ್ಲಿ ಅವರ ಕಾರೆಂದು ತಿಳಿದು ಬೇರೊಂದು ಕಾರಿನ ಮೇಲೆ ಬಾಂಬೆಸೆದರು. ಪ್ರವಾಸ ನಿಲ್ಲಲಿಲ್ಲ, ಕೊಟ್ಟ ಮಾತೂ ಮುರಿಯಲಿಲ್ಲ.

ಇಂದು ಜಾಮೀನಿನ ಮೇಲೆ ಹೊರಬಂದವನು ಠಾಣೆಗೆ ಹೋಗಿ ರುಜು ಹಾಕಿ ಬರುವುದುಂಟು. ಗಾಂಧೀಜಿಯವರಿಗೆ ರುಜು ಹಾಕಲು ಯಾವ ಪುಸ್ತಕವೂ ಇರಲಿಲ್ಲ. ಕಚೇರಿಯ ಹಾಜರಿ ಪುಸ್ತಕಕ್ಕೆ ರುಜು ಹಾಕಿ, ಸಾಹೇಬರು ರಜೆಯಲ್ಲಿದ್ದಾರೆಂದು ತಿಳಿದೊಡನೆ ಚಹಾ ಕುಡಿಯಲು ಎದ್ದುಹೋಗುವ ನಾವು, ಯರವಡಾ ಬಸ್ಸು ಹತ್ತಿದಾಗಲಾದರೂ ಇದನ್ನು ನೆನೆಯಬಾರದೇ?