ನೀರು ನೋಡುವುದು (ಜಲಶೋಧನೆ)

ನೀರು ನೋಡುವುದು ಎಂದರೆ ಕವೆಗೋಲು, ತೆಂಗಿನಕಾಯಿ, ಲೋಹದ ಕಂಬಿ ಅಥವಾ ಲೋಲಕವನ್ನು ಕೈಯಲ್ಲಿ ಹಿಡಿದು ನೆಲದ ಮೇಲೆ ನಡೆದು, ಆ ವಸ್ತುವಿನ ಚಲನೆಯ ಆಧಾರದಿಂದ ಅಂತರ್ಜಲವಿರುವ ಸ್ಥಳವನ್ನು ಗುರುತಿಸುವ ಪದ್ಧತಿ. ಇದನ್ನು ಜಲಶೋಧನೆ ಅಥವಾ ಡೌಸಿಂಗ್ ಎಂದೂ ಕರೆಯುತ್ತಾರೆ. ಕೊಳವೆಬಾವಿ ಕೊರೆಸುವ ಸಂದರ್ಭದಲ್ಲಿ ಇದಕ್ಕೆ 'ಪಾಯಿಂಟ್ ಮಾಡುವುದು' ಎಂಬ ಹೆಸರು ರೂಢಿಯಲ್ಲಿದೆ. ನಿಯಂತ್ರಿತ ಪ್ರಯೋಗಗಳಲ್ಲಿ ಈ ಪದ್ಧತಿಯ ಯಶಸ್ಸು ಕೇವಲ ಊಹೆಯಿಂದ ದೊರೆಯುವ ಯಶಸ್ಸಿಗಿಂತ ಹೆಚ್ಚೆಂದು ಸ್ಥಾಪಿತವಾಗಿಲ್ಲ. ಆದ್ದರಿಂದ ವಿಜ್ಞಾನಿಗಳು ಇದನ್ನು ಹುಸಿವಿಜ್ಞಾನದ ಸಾಲಿಗೆ ಸೇರಿಸುತ್ತಾರೆ. ಆದರೂ ಕರ್ನಾಟಕದ ಬಯಲುಸೀಮೆಯಲ್ಲಿ, ವಿಶೇಷವಾಗಿ ಚಿತ್ರದುರ್ಗ ಜಿಲ್ಲೆಯಂತಹ ಬರಪೀಡಿತ ಪ್ರದೇಶಗಳಲ್ಲಿ, ಈ ಪದ್ಧತಿ ಇಂದಿಗೂ ವ್ಯಾಪಕವಾಗಿದೆ. ಗುರುತಿಸಿದ ಸ್ಥಳದಲ್ಲಿ ನೀರು ಸಿಗದಿದ್ದರೆ ಕೊರೆಸಿದ ವೆಚ್ಚವೆಲ್ಲವೂ ರೈತನ ಮೇಲೆಯೇ ಬೀಳುವುದರಿಂದ ಇದು ಕೇವಲ ನಂಬಿಕೆಯ ಪ್ರಶ್ನೆಯಾಗಿ ಉಳಿದಿಲ್ಲ.

ವಿಧಾನಗಳು

ಬಳಸುವ ವಸ್ತುವಿಗೆ ಅನುಗುಣವಾಗಿ ಈ ಪದ್ಧತಿಯಲ್ಲಿ ಹಲವು ಬಗೆಗಳಿವೆ.

ಕವೆಗೋಲು: ಇಂಗ್ಲಿಷಿನ 'ವೈ' ಅಕ್ಷರದ ಆಕಾರದ ಹಸಿ ಕೊಂಬೆಯ ಎರಡು ಕವಲುಗಳನ್ನು ಎರಡೂ ಕೈಗಳಲ್ಲಿ ಬಿಗಿಯಾಗಿ ಹಿಡಿದು ನಡೆಯಲಾಗುತ್ತದೆ. ಕೊಂಬೆಯ ತುದಿ ಬಾಗಿದ ಸ್ಥಳದಲ್ಲಿ ನೀರಿದೆಯೆಂದು ತಿಳಿಯಲಾಗುತ್ತದೆ.

ತೆಂಗಿನಕಾಯಿ: ಅಂಗೈ ಮೇಲೆ ತೆಂಗಿನಕಾಯಿಯನ್ನು ಅಡ್ಡಲಾಗಿ ಇಟ್ಟುಕೊಂಡು ನಡೆಯುವಾಗ ಅದು ಎದ್ದು ನಿಂತರೆ ಅಲ್ಲಿ ನೀರಿನ ಸೆಲೆ ಇದೆಯೆಂದು ಹೇಳಲಾಗುತ್ತದೆ. ದಕ್ಷಿಣ ಭಾರತದಲ್ಲಿ ಹೆಚ್ಚು ಕಾಣಸಿಗುವ ವಿಧಾನವಿದು.

ಲೋಹದ ಕಂಬಿ: 'ಎಲ್' ಆಕಾರಕ್ಕೆ ಬಾಗಿಸಿದ ಎರಡು ಕಂಬಿಗಳನ್ನು ಸಡಿಲವಾಗಿ ಹಿಡಿಯಲಾಗುತ್ತದೆ. ಅವು ಒಂದರ ಮೇಲೊಂದು ಹಾಯ್ದಾಗ ಆ ಜಾಗವನ್ನು ಗುರುತು ಮಾಡಲಾಗುತ್ತದೆ.

ಲೋಲಕ: ದಾರಕ್ಕೆ ಕಟ್ಟಿದ ಬೀಗದ ಕೈ, ಉಂಗುರ ಅಥವಾ ಗುಂಡು ತೂಗಾಡುವ ದಿಕ್ಕನ್ನು ನೋಡಲಾಗುತ್ತದೆ.

ನೀರು ನೋಡುವವರಲ್ಲಿ ಹಲವರು ಸ್ಥಳವನ್ನಷ್ಟೇ ಅಲ್ಲದೆ, ಎಷ್ಟು ಅಡಿ ಆಳದಲ್ಲಿ ನೀರು ಸಿಗುತ್ತದೆ, ಎಷ್ಟು ಇಂಚು ನೀರು ಬರುತ್ತದೆ ಎಂಬುದನ್ನೂ ಹೇಳುತ್ತಾರೆ. ಈ ಶಕ್ತಿ ನಿರ್ದಿಷ್ಟ ರಕ್ತದ ಗುಂಪಿನವರಿಗೆ ಮಾತ್ರ ಇರುತ್ತದೆ ಎಂಬ ನಂಬಿಕೆಯೂ ಕೆಲವೆಡೆ ಇದೆ. ಕೆಲವರು ಇದನ್ನು ಉಚಿತ ಸೇವೆಯಾಗಿ ಮಾಡಿದರೆ ಮತ್ತೆ ಕೆಲವರಿಗೆ ಇದೇ ಜೀವನೋಪಾಯ.

ಇತಿಹಾಸ

ಭಾರತದಲ್ಲಿ ಅಂತರ್ಜಲದ ಕುರುಹುಗಳನ್ನು ವಿವರಿಸುವ ಪ್ರಾಚೀನ ಗ್ರಂಥಗಳಲ್ಲಿ ಕ್ರಿ.ಶ. 6ನೆಯ ಶತಮಾನದ ವರಾಹಮಿಹಿರನ 'ಬೃಹತ್ಸಂಹಿತೆ' ಪ್ರಮುಖವಾದುದು. ಅದರ 'ದಕಾರ್ಗಲ' ಎಂಬ ಅಧ್ಯಾಯವು ಮನುಷ್ಯನ ದೇಹದ ರಕ್ತನಾಳಗಳಂತೆ ಭೂಮಿಯಲ್ಲಿಯೂ ಜಲದ ನಾಳಗಳಿವೆ ಎಂಬ ಕಲ್ಪನೆಯಿಂದ ಆರಂಭವಾಗುತ್ತದೆ. ನೇರಳೆ, ಅತ್ತಿ, ಮತ್ತಿ, ಲಕ್ಕಿ ಮುಂತಾದ ಮರಗಿಡಗಳು, ಅವುಗಳ ಸಮೀಪದ ಹುತ್ತಗಳು, ಮಣ್ಣು ಮತ್ತು ಕಲ್ಲಿನ ಬಣ್ಣ ಇವುಗಳ ಆಧಾರದಿಂದ ನೀರಿರುವ ದಿಕ್ಕು ಹಾಗೂ ಆಳವನ್ನು ಅಲ್ಲಿ ಹೇಳಲಾಗಿದೆ. ತಿರುಪತಿಯ ಶ್ರೀ ವೆಂಕಟೇಶ್ವರ ವಿಶ್ವವಿದ್ಯಾಲಯದ ಭೂವಿಜ್ಞಾನಿ ಇ. ಎ. ವಿ. ಪ್ರಸಾದ್ ಈ ಅಧ್ಯಾಯವನ್ನು ಜಲವಿಜ್ಞಾನದ ದೃಷ್ಟಿಯಿಂದ ಅಧ್ಯಯನ ಮಾಡಿದ್ದಾರೆ.

ಮರಗಿಡಗಳ ಕುರುಹನ್ನು ನೋಡುವುದೂ ಕವೆಗೋಲನ್ನು ಹಿಡಿಯುವುದೂ ಒಂದೇ ಅಲ್ಲ. ಆಳಕ್ಕೆ ಬೇರು ಬಿಡುವ ಮರವೊಂದು ಬೇಸಿಗೆಯಲ್ಲಿಯೂ ಹಸಿರಾಗಿದ್ದರೆ ಅದರ ಬೇರಿಗೆ ತೇವ ದೊರೆಯುತ್ತಿದೆ ಎಂದು ಊಹಿಸಲು ಕಾರಣವಿದೆ. ಆ ಊಹೆಯನ್ನು ಪರೀಕ್ಷಿಸಲೂ ಸಾಧ್ಯ, ತಪ್ಪಾದರೆ ಕೈಬಿಡಲೂ ಸಾಧ್ಯ. ಕೋಲು ನೀರಿನ ಸೆಳೆತಕ್ಕೆ ಬಾಗುತ್ತದೆ ಎಂಬ ಹೇಳಿಕೆಗೆ ಅಂತಹ ಭೌತಿಕ ಆಧಾರ ಕಂಡುಬಂದಿಲ್ಲ.

ಯುರೋಪಿನಲ್ಲಿ ಕವೆಗೋಲಿನ ಬಳಕೆ ಮೊದಲು ಜರ್ಮನಿಯ ಗಣಿಗಳಲ್ಲಿ ಅದಿರನ್ನು ಹುಡುಕುವುದಕ್ಕೆ ಪ್ರಸಿದ್ಧವಾಗಿತ್ತು. 1556ರಲ್ಲಿ ಪ್ರಕಟವಾದ ಜಾರ್ಜಿಯಸ್ ಅಗ್ರಿಕೋಲನ 'ಡೆ ರೆ ಮೆಟಾಲಿಕಾ' ಗ್ರಂಥ ಇದನ್ನು ವರ್ಣಿಸಿದೆ. ನೆಲದ ಸಹಜ ಲಕ್ಷಣಗಳನ್ನು ಓದಬಲ್ಲ ನುರಿತ ಗಣಿಗಾರನಿಗೆ ಇಂತಹ ಕೋಲಿನ ಅಗತ್ಯವಿಲ್ಲವೆಂಬುದು ಆತನ ಅಭಿಪ್ರಾಯವಾಗಿತ್ತು.

ಚಿತ್ರದುರ್ಗ ಜಿಲ್ಲೆಯ ಹಿನ್ನೆಲೆ

ಚಿತ್ರದುರ್ಗ ಜಿಲ್ಲೆ ಕಡಿಮೆ ಮಳೆಯ ಪ್ರದೇಶ. ಹೊಳಲ್ಕೆರೆ, ಹೊರಕೆರೆದೇವಪುರ, ಚಳ್ಳಕೆರೆ ಮೊದಲಾದ ಊರ ಹೆಸರುಗಳಲ್ಲಿಯೇ 'ಕೆರೆ' ಎಂಬ ಪದವಿದ್ದು, ಈ ಭಾಗದ ಜನಜೀವನ ಕೆರೆಗಳನ್ನು ಅವಲಂಬಿಸಿದ್ದುದನ್ನು ಅದು ಸೂಚಿಸುತ್ತದೆ. ಹಿರಿಯೂರು ತಾಲ್ಲೂಕಿನಲ್ಲಿ ವೇದಾವತಿ ನದಿಗೆ ಅಡ್ಡಲಾಗಿ ಕಟ್ಟಿದ ವಾಣಿವಿಲಾಸ ಸಾಗರದ (ಮಾರಿಕಣಿವೆ) ನಾಲೆಗಳು ಸೀಮಿತ ಪ್ರದೇಶಕ್ಕೆ ಮಾತ್ರ ನೀರುಣಿಸುತ್ತವೆ. ಹೊಳಲ್ಕೆರೆ ಮತ್ತು ಹೊಸದುರ್ಗ ತಾಲ್ಲೂಕುಗಳ ಅಡಿಕೆ ಹಾಗೂ ತೆಂಗಿನ ತೋಟಗಳು ಬಹುಮಟ್ಟಿಗೆ ಕೊಳವೆಬಾವಿಗಳನ್ನೇ ನೆಚ್ಚಿಕೊಂಡಿವೆ. ಜಿಲ್ಲೆಯ ಹಲವು ತಾಲ್ಲೂಕುಗಳನ್ನು ಅಂತರ್ಜಲದ ಅತಿಬಳಕೆಯ ಪ್ರದೇಶಗಳೆಂದು ವರ್ಗೀಕರಿಸಲಾಗಿದೆ.

ಇಲ್ಲಿನ ಭೂರಚನೆಯೂ ಗಮನಾರ್ಹವಾದುದು. ಜಿಲ್ಲೆಯ ಬಹುಭಾಗ ಪುರಾತನವಾದ ನೈಸ್, ಗ್ರಾನೈಟ್ ಮತ್ತು 'ಚಿತ್ರದುರ್ಗ ಶಿಸ್ಟ್ ಪಟ್ಟಿ'ಯ ಶಿಲೆಗಳಿಂದ ಕೂಡಿದೆ. ಮರಳುಗಲ್ಲಿನಲ್ಲಿ ಇರುವಂತೆ ಈ ಗಟ್ಟಿ ಶಿಲೆಗಳ ಕಣಗಳ ನಡುವೆ ನೀರು ನಿಲ್ಲುವ ತೆರಪುಗಳಿಲ್ಲ. ನೀರು ಮೇಲ್ಭಾಗದ ಶಿಥಿಲಗೊಂಡ ಪದರದಲ್ಲಿಯೂ ಅದರ ಕೆಳಗಿನ ಬಿರುಕುಗಳಲ್ಲಿಯೂ ಮಾತ್ರ ಸಂಗ್ರಹವಾಗುತ್ತದೆ. ತೆರೆದ ಬಾವಿಗಳಿಗೆ ಮೇಲಿನ ಪದರವೇ ಆಧಾರವಾಗಿತ್ತು. ಆ ಪದರ ಬತ್ತಿದಂತೆ ಕೊಳವೆಬಾವಿಗಳು ಆಳದ ಬಿರುಕುಗಳನ್ನು ಅರಸತೊಡಗಿದವು. ಕೆಲವೇ ಅಡಿಗಳ ಅಂತರದಲ್ಲಿ ಒಂದು ಕೊಳವೆಬಾವಿಯಲ್ಲಿ ನೀರು ಬಂದು ಇನ್ನೊಂದರಲ್ಲಿ ಬರೀ ಧೂಳು ಬರುವುದಕ್ಕೆ ಬಿರುಕುಗಳ ಈ ಅಸಮ ಹಂಚಿಕೆಯೇ ಕಾರಣ. ಇಂತಹ ಅನಿಶ್ಚಿತತೆ ಇರುವಲ್ಲಿ, ಜಾಗವನ್ನು ಖಚಿತವಾಗಿ ತೋರಿಸುತ್ತೇನೆ ಎನ್ನುವವರ ಮಾತಿಗೆ ಬೆಲೆ ಬರುವುದು ಸಹಜ.

ಚಲನೆಗೆ ಕಾರಣ

ಕೋಲು ಬಾಗುವುದು, ತೆಂಗಿನಕಾಯಿ ಏಳುವುದು ನಿಜವಾಗಿಯೂ ನಡೆಯುತ್ತವೆ. ಪ್ರಶ್ನೆ ಇರುವುದು ಅವುಗಳ ಕಾರಣದ ಬಗ್ಗೆ. ವ್ಯಕ್ತಿಯ ನಿರೀಕ್ಷೆಯಿಂದ, ಆತನ ಅರಿವಿಗೆ ಬಾರದೆ, ಸ್ನಾಯುಗಳಲ್ಲಿ ಸೂಕ್ಷ್ಮ ಚಲನೆ ಉಂಟಾಗುತ್ತದೆ. ಇದನ್ನು ಬ್ರಿಟಿಷ್ ಶರೀರಕ್ರಿಯಾ ವಿಜ್ಞಾನಿ ವಿಲಿಯಂ ಕಾರ್ಪೆಂಟರ್ 1852ರಲ್ಲಿ 'ಐಡಿಯೋಮೋಟರ್' ಕ್ರಿಯೆ ಎಂದು ಹೆಸರಿಸಿದರು. ಅದಕ್ಕೂ ಮೊದಲು, 1833ರಲ್ಲಿ, ಫ್ರಾನ್ಸಿನ ರಸಾಯನವಿಜ್ಞಾನಿ ಶೆವ್ರಲ್ ಲೋಲಕದ ತೂಗಾಟಕ್ಕೆ ಹಿಡಿದವರ ಕೈಯ ಅಲುಗಾಟವೇ ಕಾರಣವೆಂಬುದನ್ನು ವಿವರಿಸಿದ್ದರು.

ಬಿಗಿಹಿಡಿದ ಕವೆಗೋಲಿನಲ್ಲಿ ಒತ್ತಡ ತುಂಬಿರುವುದರಿಂದ ಮಣಿಕಟ್ಟು ತುಸು ತಿರುಗಿದರೂ ಅದು ರಭಸದಿಂದ ಬಾಗುತ್ತದೆ. ಅಂಗೈ ಮೇಲಿನ ತೆಂಗಿನಕಾಯಿಯ ಸಮತೋಲವೂ ಅಸ್ಥಿರವಾದುದು. ಅಂಗೈಯ ಸ್ವಲ್ಪ ವಾಲಿಕೆ, ಬೆರಳುಗಳ ಸ್ವಲ್ಪ ಮಡಿಕೆ ಅದನ್ನು ಎಬ್ಬಿಸಲು ಸಾಕು. ಆದ್ದರಿಂದ ನೀರು ನೋಡುವವರೆಲ್ಲರೂ ಉದ್ದೇಶಪೂರ್ವಕವಾಗಿ ಮೋಸ ಮಾಡುತ್ತಾರೆ ಎಂದು ಭಾವಿಸಬೇಕಾಗಿಲ್ಲ. ವಸ್ತು ತಾನಾಗಿಯೇ ಚಲಿಸಿತು ಎಂಬ ಅವರ ಅನುಭವ ಪ್ರಾಮಾಣಿಕವಾಗಿರಬಹುದು. ಆದರೆ ಅನುಭವದ ಪ್ರಾಮಾಣಿಕತೆ ನೆಲದಡಿಯ ನೀರಿಗೆ ಸಾಕ್ಷಿಯಾಗುವುದಿಲ್ಲ.

ನಿಯಂತ್ರಿತ ಪ್ರಯೋಗಗಳು

1987–88ರಲ್ಲಿ ಜರ್ಮನಿಯ ಮ್ಯೂನಿಕ್ ಸಮೀಪ ಕೊಟ್ಟಿಗೆಯೊಂದರಲ್ಲಿ ದೊಡ್ಡ ಪ್ರಮಾಣದ ಪ್ರಯೋಗ ನಡೆಯಿತು. ಆರಂಭದಲ್ಲಿ ಪರೀಕ್ಷಿಸಿದ ಸುಮಾರು 500 ಜನರಲ್ಲಿ 43 ಮಂದಿಯನ್ನು ಆರಿಸಲಾಯಿತು. ಕೆಳ ಅಂತಸ್ತಿನಲ್ಲಿ ನೀರಿನ ಕೊಳವೆಯನ್ನು ಯಾದೃಚ್ಛಿಕವಾಗಿ ಜರುಗಿಸಿ, ಮೇಲಂತಸ್ತಿನಲ್ಲಿದ್ದವರು ಅದರ ಸ್ಥಾನವನ್ನು ಹೇಳಬೇಕಾಗಿತ್ತು. ಒಟ್ಟು 843 ಪರೀಕ್ಷೆಗಳು ನಡೆದವು. ಕೆಲವರಿಗಾದರೂ ನೈಜ ಸಾಮರ್ಥ್ಯವಿದೆಯೆಂದು ಪ್ರಯೋಗ ನಡೆಸಿದವರು ತೀರ್ಮಾನಿಸಿದರು. ಅದೇ ದತ್ತಾಂಶವನ್ನು ಮರುಪರಿಶೀಲಿಸಿದ ಜಿಮ್ ಎನ್‌ರೈಟ್ 1999ರಲ್ಲಿ ಇದಕ್ಕೆ ವಿರುದ್ಧವಾದ ನಿರ್ಣಯಕ್ಕೆ ಬಂದರು. 10 ಮೀಟರ್ ಉದ್ದದ ಸಾಲಿನಲ್ಲಿ ಪ್ರತಿಬಾರಿಯೂ ನಡುಮಧ್ಯವನ್ನೇ ತೋರಿಸಿದ್ದರೆ ಆಗುತ್ತಿದ್ದ ತಪ್ಪಿಗಿಂತ, ಅತ್ಯುತ್ತಮ ಎನಿಸಿದವರ ತಪ್ಪು ಸರಾಸರಿ 4 ಮಿಲಿಮೀಟರಿನಷ್ಟು ಮಾತ್ರ ಕಡಿಮೆಯಾಗಿತ್ತು.

1990ರಲ್ಲಿ ಜರ್ಮನಿಯ ಕಾಸೆಲ್ ನಗರದಲ್ಲಿ ಅಲ್ಲಿನ ಸಂದೇಹವಾದಿ ಸಂಘಟನೆಯೊಂದು 30 ಮಂದಿಯನ್ನು ಪರೀಕ್ಷಿಸಿತು. ನೆಲದಲ್ಲಿ ಹೂತ ಕೊಳವೆಯಲ್ಲಿ ನೀರು ಹರಿಯುತ್ತಿದೆಯೇ ಇಲ್ಲವೇ ಎಂಬುದನ್ನು ಹೇಳುವುದು ಅವರ ಕೆಲಸವಾಗಿತ್ತು. ಪರೀಕ್ಷೆಯ ನಿಯಮಗಳನ್ನು ಅವರು ಮೊದಲೇ ಒಪ್ಪಿಕೊಂಡಿದ್ದರು. ಫಲಿತಾಂಶ ಆಕಸ್ಮಿಕ ಊಹೆಗಿಂತ ಭಿನ್ನವಾಗಿರಲಿಲ್ಲ.

ಸಮರ್ಥಕರ ವಾದ ಮತ್ತು ವಿಮರ್ಶೆ

ಸಮರ್ಥಕರು ಮುಖ್ಯವಾಗಿ ಕ್ಷೇತ್ರದಲ್ಲಿನ ಯಶಸ್ಸನ್ನು ಮುಂದಿಡುತ್ತಾರೆ. ಜರ್ಮನಿಯ ನೆರವಿನ ಕಾರ್ಯಕ್ರಮವೊಂದರಲ್ಲಿ ಹಾನ್ಸ್ ಶ್ರೋಟರ್ ಎಂಬುವರು ಡೌಸಿಂಗ್ ಮೂಲಕ ಶ್ರೀಲಂಕಾದಲ್ಲಿ 691 ಕೊಳವೆಬಾವಿಗಳಿಗೆ ಜಾಗ ತೋರಿಸಿದ್ದು, ಅವುಗಳಲ್ಲಿ ಶೇ. 96ರಷ್ಟು ಯಶಸ್ವಿಯಾದವೆಂದು ಭೌತವಿಜ್ಞಾನಿ ಹಾನ್ಸ್ ಡೀಟರ್ ಬೆಟ್ಸ್ 1995ರಲ್ಲಿ ವರದಿ ಮಾಡಿದರು. ಅದೇ ಪ್ರದೇಶದಲ್ಲಿ ಡೌಸಿಂಗ್ ಇಲ್ಲದೆ ಆರಿಸಿದ ಜಾಗಗಳಲ್ಲಿಯೂ ಕೊರೆದು ಹೋಲಿಸಿರಲಿಲ್ಲ ಎಂಬುದು ಇದರ ಮೇಲಿನ ಪ್ರಮುಖ ಆಕ್ಷೇಪ. ಹಲವು ವರ್ಷ ನೆಲವನ್ನು ನೋಡಿದವರು ತಗ್ಗು, ಗಿಡಮರ, ಬಂಡೆಗಳ ಸಾಲು ಇವನ್ನು ಗಮನಿಸಿಯೇ ಜಾಗವನ್ನು ಆರಿಸುವ ಸಾಧ್ಯತೆಯೂ ಇದೆ. ಆಗ ಯಶಸ್ಸಿನ ಶ್ರೇಯ ಸಲ್ಲಬೇಕಾದುದು ಅನುಭವಕ್ಕೆ, ಕೋಲಿಗಲ್ಲ.

ಹೋಲಿಕೆಯ ಮಹತ್ವವನ್ನು ಒಂದು ಕಾಲ್ಪನಿಕ ಉದಾಹರಣೆಯಿಂದ ತಿಳಿಯಬಹುದು. ಒಂದು ಊರಿನಲ್ಲಿ ಎಲ್ಲಿ ಕೊರೆದರೂ 10ರಲ್ಲಿ 7 ಕೊಳವೆಬಾವಿಗಳಲ್ಲಿ ಅಷ್ಟಿಷ್ಟು ನೀರು ಬರುತ್ತದೆ ಎಂದುಕೊಳ್ಳೋಣ. ಅಲ್ಲಿ ಕಣ್ಣುಮುಚ್ಚಿ ಕಲ್ಲೆಸೆದು ಜಾಗ ತೋರಿಸಿದವರೂ 10ರಲ್ಲಿ 7 ಬಾರಿ ಗೆಲ್ಲುತ್ತಾರೆ. ಆದ್ದರಿಂದ 'ತೋರಿಸಿದ ಕಡೆ ನೀರು ಬಂತು' ಎಂಬುದು ಪುರಾವೆಯಲ್ಲ. ತೋರಿಸದ ಕಡೆ ಕೊರೆದಿದ್ದರೆ ಎಷ್ಟು ಬಾರಿ ಬರುತ್ತಿತ್ತು ಎಂಬುದೂ ತಿಳಿದಿರಬೇಕು.

ನೆನಪಿನ ಪಕ್ಷಪಾತವೂ ಇಲ್ಲಿ ಕೆಲಸ ಮಾಡುತ್ತದೆ. ನೀರು ಬಂದ ಕೊಳವೆಬಾವಿಯ ಕಥೆ ಸುತ್ತಲಿನ ಹಳ್ಳಿಗಳಲ್ಲಿ ಹರಡುತ್ತದೆ. ವಿಫಲವಾದುದನ್ನು ಮುಚ್ಚಿ ಮರೆಯಲಾಗುತ್ತದೆ. ವಿಫಲವಾದಾಗ 'ಇನ್ನೂ ಐವತ್ತು ಅಡಿ ಹೋಗಬೇಕಿತ್ತು', 'ಪಾಯಿಂಟ್ ಬಿಟ್ಟು ಪಕ್ಕಕ್ಕೆ ಕೊರೆದರು' ಎಂಬ ಸಮಜಾಯಿಷಿಗಳು ಒದಗುತ್ತವೆ. ಯಾವ ಫಲಿತಾಂಶದಿಂದಲೂ ಸುಳ್ಳಾಗದ ಹೇಳಿಕೆಯನ್ನು ಪರೀಕ್ಷಿಸಲು ಬರುವುದಿಲ್ಲ. ಹುಸಿವಿಜ್ಞಾನವನ್ನು ಗುರುತಿಸುವ ಮುಖ್ಯ ಲಕ್ಷಣಗಳಲ್ಲಿ ಇದೂ ಒಂದು.

ಭೂಭೌತಿಕ ಸಮೀಕ್ಷೆ ಮತ್ತು ಅದರ ಮಿತಿ

ಅಂತರ್ಜಲ ಶೋಧನೆಗೆ ಭೂವಿಜ್ಞಾನಿಗಳು ಸಾಮಾನ್ಯವಾಗಿ ವಿದ್ಯುತ್ ರೋಧತೆಯ ವಿಧಾನವನ್ನು ಬಳಸುತ್ತಾರೆ. ನೆಲಕ್ಕೆ ನಾಲ್ಕು ವಿದ್ಯುದ್ವಾರಗಳನ್ನು ಒಂದೇ ಸಾಲಿನಲ್ಲಿ ನೆಟ್ಟು, ಹೊರಗಿನ ಎರಡರ ಮೂಲಕ ವಿದ್ಯುತ್ತನ್ನು ಹಾಯಿಸಿ, ಒಳಗಿನ ಎರಡರ ನಡುವಣ ವಿಭವಾಂತರವನ್ನು ಅಳೆಯಲಾಗುತ್ತದೆ. ವಿದ್ಯುದ್ವಾರಗಳ ಅಂತರವನ್ನು ಹೆಚ್ಚಿಸುತ್ತಾ ಹೋದಂತೆ ಹೆಚ್ಚು ಆಳದ ಮಾಹಿತಿ ದೊರೆಯುತ್ತದೆ. ನೀರು ತುಂಬಿದ ಶಿಥಿಲ ಶಿಲೆಯ ರೋಧತೆ ಕಡಿಮೆ. ಒಣ ಗ್ರಾನೈಟಿನ ರೋಧತೆ ಬಹಳ ಹೆಚ್ಚು. ಇದರೊಂದಿಗೆ ಉಪಗ್ರಹ ಚಿತ್ರಗಳಲ್ಲಿ ಕಾಣುವ ಬಿರುಕಿನ ಸಾಲುಗಳು, ಶಿಲಾ ನಕ್ಷೆ ಮತ್ತು ಸುತ್ತಲಿನ ಬಾವಿಗಳ ವಿವರವನ್ನು ಪರಿಗಣಿಸಲಾಗುತ್ತದೆ.

ಈ ವಿಧಾನವೂ ಖಚಿತ ಭರವಸೆಯನ್ನು ನೀಡುವುದಿಲ್ಲ. ಜೇಡಿಮಣ್ಣಿನ ರೋಧತೆಯೂ ಕಡಿಮೆಯಿರುವುದರಿಂದ ಅದನ್ನು ನೀರೆಂದು ತಪ್ಪಾಗಿ ಅರ್ಥೈಸುವ ಸಾಧ್ಯತೆಯಿದೆ. ನೂರಾರು ಅಡಿ ಆಳದ ಕಿರಿದಾದ ಬಿರುಕು ಮೇಲ್ಮೈಯ ಅಳತೆಯಲ್ಲಿ ಕಾಣದೇ ಹೋಗಬಹುದು. ಭೂವಿಜ್ಞಾನಿ ತೋರಿಸಿದ ಜಾಗದಲ್ಲಿಯೂ ಕೊಳವೆಬಾವಿ ವಿಫಲವಾಗುವುದುಂಟು. ಜನರು ಮತ್ತೆ ತೆಂಗಿನಕಾಯಿಯತ್ತ ತಿರುಗಲು ಇದೂ ಒಂದು ಕಾರಣ. ಆದರೆ ಒಂದು ವಿಧಾನದ ಸೋಲು ಇನ್ನೊಂದರ ಗೆಲುವಲ್ಲ. ರೋಧತೆಯ ಅಳತೆಯನ್ನು ಬರೆದಿಡಬಹುದು, ಬೇರೊಬ್ಬರು ಮತ್ತೆ ಅಳೆದು ನೋಡಬಹುದು, ತಪ್ಪಿನ ಕಾರಣವನ್ನು ಹುಡುಕಿ ಮುಂದಿನ ಬಾರಿ ತಿದ್ದಿಕೊಳ್ಳಬಹುದು.

ಕರ್ನಾಟಕದಲ್ಲಿ ವೈಜ್ಞಾನಿಕ ಮನೋಭಾವದ ಚರ್ಚೆ

ಅಸಾಮಾನ್ಯ ಶಕ್ತಿಗಳ ಕುರಿತ ಹೇಳಿಕೆಗಳನ್ನು ಪರೀಕ್ಷೆಗೆ ಒಡ್ಡಬೇಕೆಂಬ ವಾದ ಕರ್ನಾಟಕದಲ್ಲಿ 1976ರಲ್ಲಿ ಸಾರ್ವಜನಿಕ ಚರ್ಚೆಯಾಯಿತು. ಬೆಂಗಳೂರು ವಿಶ್ವವಿದ್ಯಾಲಯದ ಅಂದಿನ ಉಪಕುಲಪತಿ, ಭೌತವಿಜ್ಞಾನಿ ಎಚ್. ನರಸಿಂಹಯ್ಯನವರು ಪವಾಡಗಳನ್ನೂ ಪರೀಕ್ಷಿಸಬಹುದಾದ ಮೂಢನಂಬಿಕೆಗಳನ್ನೂ ತನಿಖೆ ಮಾಡಲು ತಮ್ಮ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ರಚಿಸಿದರು. ನಿಯಂತ್ರಿತ ಸನ್ನಿವೇಶದಲ್ಲಿ ಪವಾಡಗಳನ್ನು ಮಾಡಿ ತೋರಿಸುವಂತೆ ಕೋರಿ ಸತ್ಯ ಸಾಯಿಬಾಬಾ ಅವರಿಗೆ ಪತ್ರಗಳನ್ನೂ ಬರೆದರು. ಅದಕ್ಕೆ ಒಪ್ಪಿಗೆ ದೊರೆಯಲಿಲ್ಲ. ಪತ್ರಿಕೆಗಳಲ್ಲಿ ಪರ ಮತ್ತು ವಿರೋಧ ವಾದಗಳು ತಿಂಗಳುಗಟ್ಟಲೆ ನಡೆದವು. ಅದೇ ವರ್ಷ ಸಂವಿಧಾನದ 42ನೆಯ ತಿದ್ದುಪಡಿ ಅಂಗೀಕಾರವಾಗಿ, ವೈಜ್ಞಾನಿಕ ಮನೋಭಾವವನ್ನು ಬೆಳೆಸಿಕೊಳ್ಳುವುದು 51ಎ(ಎಚ್) ವಿಧಿಯ ಮೂಲಕ ನಾಗರಿಕರ ಮೂಲಭೂತ ಕರ್ತವ್ಯಗಳಲ್ಲಿ ಒಂದಾಯಿತು.

ನೀರು ನೋಡುವ ಪದ್ಧತಿಯನ್ನು ಪವಾಡಗಳಿಗಿಂತ ಸುಲಭವಾಗಿ ಪರೀಕ್ಷಿಸಬಹುದು. ಇದರ ಫಲಿತಾಂಶವನ್ನು ಅಡಿಗಳಲ್ಲಿಯೂ ಇಂಚುಗಳಲ್ಲಿಯೂ ಅಳೆಯಲು ಬರುತ್ತದೆ.

ಸರಳ ಪರೀಕ್ಷೆ

ಶಾಲಾ ಕಾಲೇಜುಗಳ ಮಟ್ಟದಲ್ಲಿಯೂ ಇದನ್ನು ಪರೀಕ್ಷಿಸಬಹುದು. ಮುಚ್ಚಳವಿರುವ ಒಂದೇ ಬಗೆಯ 10 ಕೊಡಗಳಲ್ಲಿ ಕೆಲವಕ್ಕೆ ನೀರನ್ನೂ ಉಳಿದವಕ್ಕೆ ಅಷ್ಟೇ ತೂಕದ ಮರಳನ್ನೂ ತುಂಬಿ, ಯಾವುದರಲ್ಲಿ ಏನಿರಬೇಕೆಂಬುದನ್ನು ಚೀಟಿ ಎತ್ತಿ ನಿರ್ಧರಿಸಬೇಕು. ತುಂಬಿದವರು ಪರೀಕ್ಷೆಯ ಸ್ಥಳದಲ್ಲಿ ಇರಬಾರದು. ಕೊಡದಲ್ಲಿನ ನೀರಿಗೆ ಕೋಲು ಸ್ಪಂದಿಸುವುದಿಲ್ಲ ಎಂಬ ಆಕ್ಷೇಪ ಬಂದರೆ ಹೊಲದಲ್ಲಿಯೇ ಪರೀಕ್ಷಿಸಬಹುದು. ಒಬ್ಬರು ಗುರುತಿಸಿದ ಸ್ಥಳವನ್ನು ಬರೆದಿಟ್ಟು ಗುರುತನ್ನು ಅಳಿಸಿ, ಅವರ ಕಣ್ಣಿಗೆ ಬಟ್ಟೆ ಕಟ್ಟಿ ಬೇರೊಂದು ದಿಕ್ಕಿನಿಂದ ನಡೆಸಿದಾಗ ಅದೇ ಸ್ಥಳ ಸಿಗುತ್ತದೆಯೇ ಎಂದು ನೋಡಬೇಕು. ಹಲವರನ್ನು ಪ್ರತ್ಯೇಕವಾಗಿ ಕರೆಸಿ, ಅವರ ಗುರುತುಗಳು ಒಂದಕ್ಕೊಂದು ತಾಳೆಯಾಗುತ್ತವೆಯೇ ಎಂಬುದನ್ನೂ ಪರಿಶೀಲಿಸಬಹುದು. ಎಷ್ಟು ಸರಿಯಾದರೆ ಯಶಸ್ಸು ಎಂಬುದನ್ನು ಪರೀಕ್ಷೆಗೆ ಮೊದಲೇ ಎರಡೂ ಕಡೆಯವರು ಒಪ್ಪಿಕೊಂಡಿರುವುದು ಅಗತ್ಯ.

ಅಂತರ್ಜಲ ಮರುಪೂರಣ

ಜಾಗವನ್ನು ನಿಖರವಾಗಿ ತೋರಿಸುವ ವಿಧಾನವೊಂದು ದೊರೆತರೂ ಅದರಿಂದ ನೆಲದೊಳಗಿನ ನೀರು ಹೆಚ್ಚುವುದಿಲ್ಲ. ಇರುವ ನೀರನ್ನು ಮತ್ತಷ್ಟು ಬೇಗ ಮೇಲೆತ್ತಲು ಮಾತ್ರ ಅದು ನೆರವಾಗುತ್ತದೆ. ಕರ್ನಾಟಕ ಅಂತರ್ಜಲ ಅಧಿನಿಯಮ, 2011 ಅಧಿಸೂಚಿತ ಪ್ರದೇಶಗಳಲ್ಲಿ ಹೊಸ ಕೊಳವೆಬಾವಿ ಕೊರೆಯುವುದನ್ನು ನಿಯಂತ್ರಿಸುತ್ತದೆ. ಕೆರೆಗಳ ಹೂಳೆತ್ತುವುದು, ಕೃಷಿಹೊಂಡ, ಬದು ನಿರ್ಮಾಣ, ಹನಿ ನೀರಾವರಿ ಮತ್ತು ಮಳೆನೀರನ್ನು ಸೋಸಿ ಕೊಳವೆಬಾವಿಗೆ ಇಂಗಿಸುವುದು ಈ ನಿಟ್ಟಿನಲ್ಲಿ ಅನುಸರಿಸಲಾಗುತ್ತಿರುವ ಕ್ರಮಗಳು. ಕೊಳವೆಬಾವಿ ಮರುಪೂರಣವನ್ನು ಪ್ರಚಾರ ಮಾಡಿದವರಲ್ಲಿ ಚಿತ್ರದುರ್ಗದ ಭೂವಿಜ್ಞಾನಿ ಎನ್. ಜೆ. ದೇವರಾಜ ರೆಡ್ಡಿ ಪ್ರಮುಖರು. ಮರುಪೂರಣದ ಫಲವನ್ನು ಬಾವಿಯ ನೀರಿನ ಮಟ್ಟವನ್ನು ಮಳೆಗಾಲಕ್ಕೆ ಮೊದಲು ಮತ್ತು ನಂತರ ಅಳೆದು ಯಾರು ಬೇಕಾದರೂ ತಿಳಿಯಬಹುದು.

ಇವನ್ನೂ ನೋಡಿ

ಅಂತರ್ಜಲ
ಕೊಳವೆಬಾವಿ
ಹುಸಿವಿಜ್ಞಾನ
ಎಚ್. ನರಸಿಂಹಯ್ಯ
ಬೃಹತ್ಸಂಹಿತೆ
ವಾಣಿವಿಲಾಸ ಸಾಗರ
ಚಿತ್ರದುರ್ಗ ಜಿಲ್ಲೆ