ಪೊಲೀಸರ ಪಟ್ಟಿಯಲ್ಲಿ ಹಿಜ್ರಾಗಳು: 1871ರ ಕಾನೂನಿನ ದೀರ್ಘ ಬಾಳು

2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಎಂಬ ಹೊಸ ಕಲಂ ಸೇರಿತು. ಗಂಡುಮಕ್ಕಳನ್ನು ಅಪಹರಿಸುವ, ಅವರ ಪುರುಷತ್ವ ಕಳೆಯುವ ಅಥವಾ ‘ಅನೈಸರ್ಗಿಕ ಅಪರಾಧ’ ಎಸಗುವ ಗುಮಾನಿ ಇರುವ ‘ನಪುಂಸಕ’ರ ಹೆಸರು, ವಾಸಸ್ಥಳಗಳ ಪಟ್ಟಿ ಇಡಿಸಲು ಅದು ಪೊಲೀಸ್ ಆಯುಕ್ತರಿಗೆ ಅಧಿಕಾರ ಕೊಟ್ಟಿತು. ಈ ಮಾತುಗಳು ಬೆಂಗಳೂರಿನಲ್ಲಿ ಹುಟ್ಟಿದವಲ್ಲ. ಬ್ರಿಟಿಷ್ ಸರ್ಕಾರದ 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಎರಡನೆಯ ಭಾಗದಲ್ಲಿ ಹೆಚ್ಚುಕಡಿಮೆ ಇವೇ ಮಾತುಗಳಿದ್ದವು.

ಆ ಕಾಯ್ದೆಯ ಹಿಂದೆ ಎರಡು ದಶಕಗಳ ಭೀತಿಯಿತ್ತು. 1852ರಲ್ಲಿ ಉತ್ತರ ಭಾರತದ ಮೈನ್‌ಪುರಿ ಜಿಲ್ಲೆಯಲ್ಲಿ ಭೂರಾ ಎಂಬ ಹಿಜ್ರಾ ಕೊಲೆಯಾದರು. ಸತ್ತವರು ಹಿಜ್ರಾ, ಆದರೂ ವಿಚಾರಣೆಯ ಕಟಕಟೆಗೆ ಏರಿದ್ದು ಇಡೀ ಹಿಜ್ರಾ ಸಮುದಾಯ. ಈ ಪ್ರಕರಣವನ್ನು ವಿವರವಾಗಿ ಅಧ್ಯಯನ ಮಾಡಿದ ಇತಿಹಾಸಕಾರ್ತಿ ಜೆಸ್ಸಿಕಾ ಹಿಂಚಿ, ಸಮುದಾಯ ಮೆಲ್ಲಮೆಲ್ಲನೆ ಅಳಿದುಹೋಗಬೇಕೆಂಬುದೇ ಮೈನ್‌ಪುರಿ ಸೇರಿದ್ದ ವಾಯವ್ಯ ಪ್ರಾಂತ್ಯದ ಅಧಿಕಾರಿಗಳ ಗುರಿಯಾಗಿತ್ತೆಂದು ತೋರಿಸಿದ್ದಾರೆ.

ಕಾಯ್ದೆಯ ಕಲಂಗಳನ್ನು ಒಂದೊಂದಾಗಿ ಓದಿದರೆ ಆ ಗುರಿ ನಿಚ್ಚಳವಾಗುತ್ತದೆ. ಪಟ್ಟಿಯಲ್ಲಿದ್ದವರು ಹೆಣ್ಣುಡುಗೆ ತೊಟ್ಟು ಬೀದಿಯಲ್ಲಿ ಕಾಣಿಸಿಕೊಂಡರೆ, ಕುಣಿದರೆ, ವಾದ್ಯ ನುಡಿಸಿದರೆ ವಾರಂಟ್ ಇಲ್ಲದೆ ಬಂಧನ, ಎರಡು ವರ್ಷದವರೆಗೆ ಸೆರೆ. ಮದುವೆ, ಮಗು ಹುಟ್ಟಿದ ಮನೆಗಳಿಗೆ ಹೋಗಿ ಹಾಡಿ ಹರಸಿ ‘ಬಧಾಯಿ’ ಪಡೆಯುವುದೇ ಜೀವನೋಪಾಯವಾಗಿದ್ದವರಿಗೆ ಇದು ಅನ್ನವನ್ನೇ ಕಿತ್ತುಕೊಂಡಂತೆ. ಹದಿನಾರರೊಳಗಿನ ಹುಡುಗರನ್ನು ಮನೆಯಲ್ಲಿ ಇಟ್ಟುಕೊಳ್ಳುವುದೂ ಅಪರಾಧವಾಯಿತು. ಆದರೆ ವಿದ್ವಾಂಸರ ಗಮನ ಇನ್ನೂ ಹೆಚ್ಚು ಹರಿಯಬೇಕಾದದ್ದು ಆಸ್ತಿಯ ಕಲಮಿನ ಮೇಲೆ ಎಂದು ನನಗನ್ನಿಸುತ್ತದೆ. ಪಟ್ಟಿಗೆ ಸೇರಿದವರು ದಾನ ಕೊಡುವಂತಿಲ್ಲ, ಉಯಿಲು ಬರೆಯುವಂತಿಲ್ಲ, ದತ್ತು ಪಡೆಯುವಂತಿಲ್ಲ, ಯಾವ ಮಗುವಿಗೂ ಪಾಲಕರಾಗುವಂತಿಲ್ಲ. ಹೆತ್ತ ಮನೆಯಿಂದ ಹೊರಬಿದ್ದ ಹಿಜ್ರಾಗಳಿಗೆ ಗುರು-ಚೇಲಾ ಸಂಬಂಧವೇ ಮನೆತನ. ಗುರುವಿನ ಮನೆ, ಒಡವೆ, ಬಧಾಯಿಯ ಕೇರಿಗಳ ಮೇಲಿನ ಹಕ್ಕು ಆ ದಾರಿಯಲ್ಲೇ ತಲೆಮಾರಿನಿಂದ ತಲೆಮಾರಿಗೆ ಇಳಿಯುತ್ತಿದ್ದವು. ಆ ವಂಶವಾಹಿನಿಗೇ ಕಾನೂನು ಅಡ್ಡಗಟ್ಟೆ ಕಟ್ಟಿತು.

ಪಟ್ಟಿಯ ನೆರಳಿನಲ್ಲಿ ಬದುಕಿದವರ ಸ್ವಂತ ದನಿ ಕಡತಗಳಲ್ಲಿ ಅಪರೂಪ. 1884ರ ಖೈರಾತಿ ಮೊಕದ್ದಮೆ ಸ್ವಲ್ಪ ಬೆಳಕು ಕೊಡುತ್ತದೆ. ಹೆಣ್ಣುಡುಗೆಯಲ್ಲಿ ಹಾಡುತ್ತಿದ್ದ ಖೈರಾತಿಯನ್ನು ಬಂಧಿಸಿ, ವೈದ್ಯಕೀಯ ಪರೀಕ್ಷೆಗೆ ಒಡ್ಡಿ, ಭಾರತೀಯ ದಂಡ ಸಂಹಿತೆಯ ‘ಅನೈಸರ್ಗಿಕ ಅಪರಾಧ’ದ 377ನೇ ಕಲಂ ಅಡಿ ಶಿಕ್ಷೆ ವಿಧಿಸಲಾಯಿತು. ಕೃತ್ಯ ಎಲ್ಲಿ, ಯಾವಾಗ, ಯಾರೊಂದಿಗೆ ನಡೆಯಿತೆಂಬುದಕ್ಕೆ ಪುರಾವೆಯೇ ಇರಲಿಲ್ಲ. ಅಲಹಾಬಾದ್ ಹೈಕೋರ್ಟ್ ಶಿಕ್ಷೆಯನ್ನು ರದ್ದುಮಾಡಿತಾದರೂ ಅಷ್ಟರಲ್ಲಿ ಆ ದೇಹ ಪಡಬಾರದ ಅವಮಾನ ಪಟ್ಟಾಗಿತ್ತು.

1911ರ ಹೊಸ ಅಪರಾಧಿ ಬುಡಕಟ್ಟುಗಳ ಕಾಯ್ದೆಯಲ್ಲಿ ‘ನಪುಂಸಕ’ರ ಕುರಿತ ಈ ಎರಡನೆಯ ಭಾಗ ಉಳಿಯಲಿಲ್ಲ. ಆದರೆ 1919ರಲ್ಲಿ, ಅಂದರೆ ಅಲ್ಲಿನ ಫಸಲಿ ಶಕೆಯ 1329ರಲ್ಲಿ, ನಿಜಾಮರ ಹೈದರಾಬಾದ್ ಅದೇ ಅಚ್ಚಿನ ಕಾನೂನು ಮಾಡಿತು. ಅಪರಾಧಿ ಬುಡಕಟ್ಟುಗಳ ಕಾಯ್ದೆ 1952ರಲ್ಲಿ ರದ್ದಾದರೂ ಹೈದರಾಬಾದಿನದು ತೆಲಂಗಾಣದ ಕಾನೂನು ಪುಸ್ತಕದಲ್ಲಿ ಉಳಿದುಕೊಂಡಿತು. 2023ರ ಜುಲೈನಲ್ಲಿ ತೆಲಂಗಾಣ ಹೈಕೋರ್ಟ್ ಅದನ್ನು ಸಂವಿಧಾನಬಾಹಿರವೆಂದು ತಳ್ಳಿಹಾಕಿತು. ಕರ್ನಾಟಕದ 36ಎ ಕಲಮನ್ನು ಇಲ್ಲಿನ ಲೈಂಗಿಕ ಅಲ್ಪಸಂಖ್ಯಾತರ ವೇದಿಕೆ ಹೈಕೋರ್ಟಿನಲ್ಲಿ ಪ್ರಶ್ನಿಸಿತು. 2016ರ ತಿದ್ದುಪಡಿಯಲ್ಲಿ ‘ನಪುಂಸಕ’ರ ಜಾಗಕ್ಕೆ ‘ವ್ಯಕ್ತಿಗಳು’ ಬಂದರು. ತೃತೀಯ ಲಿಂಗವನ್ನು ಮಾನ್ಯಮಾಡಿದ 2014ರ ಸುಪ್ರೀಂ ಕೋರ್ಟ್ ತೀರ್ಪು ಆ ವೇಳೆಗೆ ಬಂದಾಗಿತ್ತು.

ಗುರು-ಚೇಲಾ ಮನೆತನದ ಪ್ರಶ್ನೆ ಮಾತ್ರ ಇತ್ಯರ್ಥವಾಗಲಿಲ್ಲ. 1990ರಲ್ಲಿ ಮಧ್ಯಪ್ರದೇಶ ಹೈಕೋರ್ಟ್ ಒಂದು ಆಸ್ತಿ ವ್ಯಾಜ್ಯದಲ್ಲಿ ಹಿಜ್ರಾಗಳ ಉತ್ತರಾಧಿಕಾರದ ರೂಢಿಯನ್ನು ಎತ್ತಿಹಿಡಿದಿತ್ತು. ಆದರೆ ಅವರ ಹಕ್ಕುಗಳ ರಕ್ಷಣೆಗೆಂದೇ 2019ರಲ್ಲಿ ಬಂದ ಕೇಂದ್ರ ಕಾಯ್ದೆ ಕುಟುಂಬವೆಂದರೆ ರಕ್ತ, ಮದುವೆ ಅಥವಾ ಕಾನೂನುಬದ್ಧ ದತ್ತಿನಿಂದ ಕೂಡಿದವರು ಎಂದಷ್ಟೇ ವ್ಯಾಖ್ಯಾನಿಸಿತು. ಗುರುವಿನ ಮನೆಗೆ ಅದರಲ್ಲಿ ಜಾಗವಿಲ್ಲ.