ಕಾಫಿ ಬಿಟ್ಟಾಗ ಬರುವ ತಲೆನೋವು ದೇಹದ ‘ವಿಷ’ ಹೊರಹೋಗುವ ಲಕ್ಷಣವೇ?

ಕಾಫಿ, ಟೀ ಬಿಟ್ಟ ಮೊದಲ ಮೂರು ದಿನ ತಲೆ ಸಿಡಿಯುತ್ತದೆ, ಹೆದರಬೇಡಿ, ವರ್ಷಗಳಿಂದ ಸೇರಿಕೊಂಡ ವಿಷವೆಲ್ಲ ಹೊರಹೋಗುತ್ತಿದೆ, ಮಾತ್ರೆ ನುಂಗದೆ ತಡೆದುಕೊಳ್ಳಿ. ಈ ಧಾಟಿಯ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ತಲೆನೋವು ಬರುವುದು ನಿಜ. ವಿಷದ ಕಥೆ ಮಾತ್ರ ಸುಳ್ಳು.

ಕೆಫೀನ್ ದೇಹದಲ್ಲಿ ವರ್ಷಗಟ್ಟಲೆ ಕೂತಿರುವ ವಸ್ತುವಲ್ಲ. ಆರೋಗ್ಯವಂತ ವಯಸ್ಕರಲ್ಲಿ ಸರಾಸರಿ 5 ಗಂಟೆಗೊಮ್ಮೆ ಅದರ ಪ್ರಮಾಣ ಅರ್ಧಕ್ಕೆ ಇಳಿಯುತ್ತದೆ. ಒಂದು ದಿನ ಕಳೆಯುವಷ್ಟರಲ್ಲಿ ಹೆಚ್ಚಿನವರಲ್ಲಿ ಉಳಿಯುವುದು ತೀರಾ ಸ್ವಲ್ಪ. ಆದರೆ ನೋವು ಶುರುವಾಗುವುದೇ ಕೊನೆಯ ಲೋಟ ಕುಡಿದ 12ರಿಂದ 24 ಗಂಟೆಗಳ ನಂತರ. ಜೋರಾಗುವುದು ಸಾಮಾನ್ಯವಾಗಿ ಎರಡನೇ ದಿನ. ಅಂದರೆ ಕೆಫೀನ್ ಹೊರಹೋಗುವಾಗಲ್ಲ, ಹೆಚ್ಚುಕಡಿಮೆ ಹೊರಹೋದ ಮೇಲೆ! ಅರ್ಧ ಲೋಟ ಕಾಫಿ ಕುಡಿದರೆ ಗಂಟೆಯೊಳಗೆ ತಲೆ ಹಗುರಾಗುವುದನ್ನೂ ನೀವು ನೋಡಿರುತ್ತೀರಿ. ಕಾಫಿಯೇ ವಿಷವಾಗಿದ್ದರೆ, ಮತ್ತೆ ಕುಡಿದಾಗ ನೋವು ಹೆಚ್ಚಬೇಕಿತ್ತಲ್ಲವೇ?

ಹಾಗಾದರೆ ನೋವು ಏಕೆ?

ನಾವು ಎಚ್ಚರವಿರುವಾಗ ಮೆದುಳಿನಲ್ಲಿ ಅಡೆನೋಸಿನ್ ಎಂಬ ರಾಸಾಯನಿಕ ನಿಧಾನವಾಗಿ ಹೆಚ್ಚುತ್ತಾ ಹೋಗುತ್ತದೆ. ಅದು ಹೋಗಿ ಕೂರುವ ಜಾಗಗಳಿಗೆ ಗ್ರಾಹಕಗಳು ಎನ್ನುತ್ತಾರೆ. ಅಲ್ಲಿ ಕೂತರೆ ಮಂಪರು ಬರುತ್ತದೆ, ಮೆದುಳಿನ ರಕ್ತನಾಳಗಳು ಹಿಗ್ಗುತ್ತವೆ. ಕೆಫೀನ್ ಮಾಡುವ ಕೆಲಸ ಇಷ್ಟೇ: ಬಸ್ಸಿನ ಸೀಟಿನ ಮೇಲೆ ಟವೆಲ್ ಹಾಕಿದ ಹಾಗೆ ಆ ಜಾಗವನ್ನು ಹಿಡಿದುಕೊಳ್ಳುತ್ತದೆ. ದಿನವೂ ಹೀಗಾದರೆ ಮೆದುಳು ಅದಕ್ಕೆ ಒಗ್ಗಿಕೊಂಡು, ಅಡೆನೋಸಿನ್‌ಗೆ ಇನ್ನಷ್ಟು ಸೂಕ್ಷ್ಮವಾಗುತ್ತದೆ. ಒಂದು ದಿನ ಕಾಫಿ ತಪ್ಪಿದರೆ ಸೀಟುಗಳೆಲ್ಲ ಅಡೆನೋಸಿನ್ ಪಾಲು. ರಕ್ತನಾಳ ಹಿಗ್ಗಿ ತಲೆ ಸಿಡಿಯುತ್ತದೆ, ನಿದ್ದೆ ಎಳೆಯುತ್ತದೆ, ಸುಮ್ಮಸುಮ್ಮನೆ ಸಿಡುಕು, ಕೆಲಸದಲ್ಲಿ ಮನಸ್ಸು ನಿಲ್ಲುವುದಿಲ್ಲ. ಕೆಲವರಿಗೆ ವಾಕರಿಕೆ, ಜ್ವರ ಬಂದಂತೆ ಮೈಕೈ ನೋವು. 2ರಿಂದ 9 ದಿನಗಳಲ್ಲಿ ಎಲ್ಲ ತಾನಾಗಿಯೇ ಸರಿಹೋಗುತ್ತದೆ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತನ್ನ ಕೈಪಿಡಿಯಲ್ಲಿ ಇದನ್ನು ಒಂದು ಅಧಿಕೃತ ಸಮಸ್ಯೆಯಾಗಿಯೇ ಸೇರಿಸಿದೆ.

ಇದು ವಿಪರೀತ ಕುಡಿಯುವವರ ಕಾಯಿಲೆಯೂ ಅಲ್ಲ. ದಿನಕ್ಕೆ 100 ಮಿಲಿಗ್ರಾಂ ಕೆಫೀನ್ ಸಾಕು, ಅಂದರೆ ಗಟ್ಟಿ ಡಿಕಾಕ್ಷನ್‌ನ ಒಂದೇ ಕಪ್. ಉಪವಾಸದ ದಿನದ ತಲೆನೋವನ್ನು ನಾವು ಹಸಿವಿನ ಲೆಕ್ಕಕ್ಕೆ ಬರೆಯುತ್ತೇವೆ. ರಂಜಾನ್‌ನ ಮೊದಲ ದಿನಗಳಲ್ಲಿ, ಆಪರೇಷನ್‌ಗೆ ಮೊದಲು ಖಾಲಿ ಹೊಟ್ಟೆಯಲ್ಲಿದ್ದಾಗ ಬರುವ ತಲೆನೋವಿಗೂ ಎಷ್ಟೋ ಸಲ ತಪ್ಪಿದ ಕಾಫಿಯೇ ಕಾರಣ. (ಏಕಾದಶಿಗೆ ಊಟ ಬಿಟ್ಟರೂ ಕಾಫಿ ಬಿಡದ ಹಿರಿಯರಿಗೆ ಇದು ಮೊದಲೇ ಗೊತ್ತಿತ್ತೇನೋ!)

ಬಿಡುವುದಾದರೆ ಹೇಗೆ?

ಒಮ್ಮೆಲೇ ಬೇಡ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯ ಪ್ರಕಾರ 150 ಮಿಲಿ ಲೀಟರ್ ಡಿಕಾಕ್ಷನ್ ಕಾಫಿಯಲ್ಲಿ 80–120, ಇನ್‌ಸ್ಟಂಟ್ ಕಾಫಿಯಲ್ಲಿ 50–65, ಟೀಯಲ್ಲಿ 30–65 ಮಿಲಿಗ್ರಾಂ ಕೆಫೀನ್ ಇರುತ್ತದೆ. ದಿನಕ್ಕೆ 300 ಮಿಲಿಗ್ರಾಂ ದಾಟಬಾರದು ಎನ್ನುತ್ತದೆ ಅದು. ದಿನಕ್ಕೆ ನಾಲ್ಕು ಲೋಟದವರು ಮೊದಲು ಮೂರಕ್ಕೆ ಇಳಿಸಿ, ನಾಲ್ಕೈದು ದಿನ ಅಲ್ಲೇ ನಿಲ್ಲಿ, ಆಮೇಲೆ ಎರಡಕ್ಕೆ. ಸಂಜೆಯ ಕಾಫಿಯನ್ನು ಮೊದಲು ಬಿಟ್ಟರೆ ರಾತ್ರಿ ನಿದ್ದೆಯೂ ಸುಧಾರಿಸುತ್ತದೆ. ಲೋಟದ ಸಂಖ್ಯೆ ಇಳಿಸಲು ಮನಸ್ಸು ಬಾರದಿದ್ದರೆ ಡಿಕಾಕ್ಷನ್ ಕಡಿಮೆ ಮಾಡಿ ಹಾಲು ಹೆಚ್ಚಿಸಿ. ಪುಡಿ ಅಂಗಡಿಯಲ್ಲಿ ಚಿಕೋರಿ ಸ್ವಲ್ಪ ಜಾಸ್ತಿ ಹಾಕಿಸಿಕೊಂಡರೂ ಆಗುತ್ತದೆ. ಚಿಕೋರಿಯಲ್ಲಿ ಕೆಫೀನ್ ಇಲ್ಲವೇ ಇಲ್ಲ. ರುಚಿಯ ಬಗ್ಗೆ ಮನೆಯವರ ಹತ್ತಿರ ಬೈಸಿಕೊಂಡರೆ ನಾನು ಜವಾಬ್ದಾರಳಲ್ಲ. ಕಾಫಿ ಬಿಟ್ಟು ಟೀ ಹೆಚ್ಚಿಸಿದರೆ ಲೆಕ್ಕ ಎಲ್ಲಿದೆಯೋ ಅಲ್ಲೇ ಇರುತ್ತದೆ.

ಮಾತ್ರೆ ನುಂಗಲೇಬಾರದು ಎಂಬುದೂ ಸರಿಯಲ್ಲ. ನಿಮಗೆ ಸರಿಹೊಂದುವ ಸಾಮಾನ್ಯ ನೋವಿನ ಮಾತ್ರೆಯನ್ನು ಒಂದೆರಡು ದಿನ ತೆಗೆದುಕೊಳ್ಳಬಹುದು. ಆದರೆ ಸ್ಟ್ರಿಪ್ಪಿನ ಹಿಂಭಾಗ ಓದಿ. ಮೆಡಿಕಲ್ ಶಾಪಿನಲ್ಲಿ ಸಿಗುವ ಕೆಲವು ತಲೆನೋವಿನ ಮಾತ್ರೆಗಳಲ್ಲೇ ಕೆಫೀನ್ ಬೆರೆತಿರುತ್ತದೆ. ಅಂಥದ್ದನ್ನು ನುಂಗಿದರೆ ಬಿಟ್ಟದ್ದನ್ನೇ ಬೇರೆ ದಾರಿಯಲ್ಲಿ ತೆಗೆದುಕೊಂಡ ಹಾಗೆ. ವಾರಗಟ್ಟಲೆ ದಿನವೂ ನುಂಗಿದರೆ ಮಾತ್ರೆಯಿಂದಲೇ ತಲೆನೋವು ಅಂಟಿಕೊಳ್ಳಬಹುದು.

ಇಂಥ ಸಂದೇಶಗಳಲ್ಲಿ ನನಗೆ ಹೆಚ್ಚು ಭಯವಾಗುವುದು ‘ತಡೆದುಕೊಳ್ಳಿ’ ಎಂಬ ಮಾತಿಗೆ. ಕಾಫಿ ಬಿಟ್ಟವರಿಗೆಲ್ಲ ಬರುವುದು ಕಾಫಿಯ ತಲೆನೋವೇ ಆಗಬೇಕೆಂದಿಲ್ಲ. ಹಿಂದೆಂದೂ ಕಾಣದ ನೋವು ಇದ್ದಕ್ಕಿದ್ದಂತೆ ಅಪ್ಪಳಿಸಿದರೆ, ಮುಖ ಒಂದು ಕಡೆಗೆ ಸೊಟ್ಟಗಾದರೆ, ಮಾತು ತೊದಲಿದರೆ, ಕೈಕಾಲು ಸೋತರೆ, ಜ್ವರದ ಜೊತೆ ಕುತ್ತಿಗೆ ಬಿಗಿದರೆ ತಕ್ಷಣ ಆಸ್ಪತ್ರೆಗೆ ಹೋಗಿ, ಇಲ್ಲವೇ 108ಕ್ಕೆ ಕರೆ ಮಾಡಿ. ಇವೇನೂ ಇಲ್ಲದಿದ್ದರೂ ಹತ್ತು ದಿನವಾದ ಮೇಲೂ ನೋವು ಹೋಗದಿದ್ದರೆ ವೈದ್ಯರಿಗೆ ತೋರಿಸಿ, ಕಾಫಿ ಬಿಟ್ಟ ವಿಷಯವನ್ನೂ ಹೇಳಿ.